ರಾಮನಗರದ ಹಕ್ಕಿಗೆ ಆಗುಂಬೆಲಿ ನೆಂಟಸ್ತನ: ನನ್ನ ಅನುಭವ

ರಾಮನಗರದ ಬಂಡೆಗಳ ಮಧ್ಯದ ಕುರುಚಲು ಕಾಡಲ್ಲಿ ಎರಡು ಸಣ್ಣ ಹರಟೆಮಲ್ಲಗಳು ನಂಗೆ ಯಾವಾಗ್ಲೂ ಸಿಗ್ತಿದ್ವು, ಟಾನಿ ಬೆಲ್ಲೀಡ್ ಬ್ಯಾಬ್ಲರ್, ಯೆಲ್ಲೋ ಐಡ್ ಬ್ಯಾಬ್ಲರ್. ಅದೇ ಲಂಟಾನ, ಅದೇ ಹುಲ್ಲು, ಬೆನ್ನೂ ಎರಡಕ್ಕೂ ಕಂದು, ಹಾಗಾಗಿ ಇವು ಅಣ್ಣತಮ್ಮಂದ್ರು ಅಂತ್ಲೇ ಎಷ್ಟೋ ವರ್ಷ ನಂಬಿದ್ದೆ. ಆಗುಂಬೆಯ ಕತ್ತಲೆ ಕಾಡಲ್ಲಿ ವಾಟೆ ಬಿದಿರಿನ ಮೆಳೆ ಒಳಗೆ ನುಸುಳಾಡೋ ಕಪ್ಪು ತಲೆ, ಬಿಳಿ ಎದೆಯ ಡಾರ್ಕ್ ಫ್ರಂಟೆಡ್ ಬ್ಯಾಬ್ಲರ್‌ಗೂ ಇವಕ್ಕೂ ಸಂಬಂಧ ಇರಬಹುದು ಅಂತ ಒಂದಿನಾನೂ ಅನ್ಸಿರ್ಲಿಲ್ಲ.

ಅನುಮಾನ ಹುಟ್ಟಿದ್ದು ಗೂಡಿಂದ. ಮರಿ ಹಾರಿಹೋದ ಖಾಲಿ ಗೂಡು ಮಾತ್ರ ನೋಡಿ ಬರ್ಕೊಳ್ಳೋದು ನನ್ನ ರೂಢಿ (ಮೊಟ್ಟೆ ಇರೋ ಗೂಡಿನ ಹತ್ರ ದಯವಿಟ್ಟು ಹೋಗ್ಬೇಡಿ). ಯೆಲ್ಲೋ ಐಡ್‌ದು ಹೊರಗೆಲ್ಲ ಜೇಡರಬಲೆ ಮೆತ್ತಿದ ಆಳವಾದ ಬಟ್ಟಲು. ಟಾನಿ ಬೆಲ್ಲೀಡ್‌ದು ಹುಲ್ಲು ಬಿದಿರೆಲೆಯ ಉಂಡೆ. ಆಗುಂಬೆಲಿ ವಾಟೆ ಮಧ್ಯೆ ಸಿಕ್ಕಿದ್ದೂ ಒಣಗಿದೆಲೆಯ ಉಂಡೇನೇ!

ಆದ್ರೆ ಉಂಡೆ ಗೂಡು ಕಟ್ಟೋ ಹಕ್ಕಿಗಳು ಬೇರೆನೂ ಇದಾವೆ, ಅದೊಂದನ್ನೇ ನೆಚ್ಕೊಳ್ಳೋಕಾಗಲ್ಲ ಅಂತ ಡಿಎನ್‌ಎ ಮಾಹಿತಿ ಕೂಡಿಟ್ಟಿರೋ ಜೀನ್‌ಬ್ಯಾಂಕ್‌ನಲ್ಲಿ ಫ್ರೀಯಾಗಿ ಸಿಗೋ ಸೈಟೋಕ್ರೋಮ್ ಬಿ ಅನ್ನೋ ಮೈಟೊಕಾಂಡ್ರಿಯಾ ಜೀನ್‌ನ ಡಿಎನ್‌ಎ ಸೀಕ್ವೆನ್ಸ್‌ಗಳನ್ನ ಇಳಿಸ್ಕೊಂಡು ಮೆಗಾ ಅನ್ನೋ ಸಾಫ್ಟ್‌ವೇರ್‌ನಲ್ಲಿ ವಂಶವೃಕ್ಷ ಮಾಡೋಕೆ ಕೂತೆ. ಮೊದಲ ಸಲ ಪೂರ್ತಿ ಕೆಡ್ತು, ಯಾಕಂದ್ರೆ ತುಂಡು ಸೀಕ್ವೆನ್ಸು, ಪೂರ್ತಿ ಸೀಕ್ವೆನ್ಸು ಎಲ್ಲಾ ಒಟ್ಟಿಗೆ ಹಾಕಿದ್ದೆ, ಹೋಲಿಕೆಗೆ ಹೊರಗಿನ ಹಕ್ಕಿ (ಬ್ಯಾಬ್ಲರ್ ಗುಂಪಿಗೆ ಸೇರದ್ದು) ಅಂತ ಒಂದನ್ನೂ ಇಟ್ಟಿರ್ಲಿಲ್ಲ, ಅದಿಲ್ದೆ ಮರಕ್ಕೆ ಬುಡ ಯಾವ ಕಡೆ ಅನ್ನೋದೇ ಗೊತ್ತಾಗಲ್ಲ. ಆಮೇಲೆ ಎಲ್ಲಾನೂ ಒಂದೇ ಅಳತೆಗೆ ಕತ್ತರಿಸಿ, ಪಿಕಳಾರವನ್ನ ಹೊರಗಿನವನಾಗಿ ಇಟ್ಟು, ಕೊಂಬೆಗಳು ಎಷ್ಟು ಗಟ್ಟಿ ಅಂತ ನೋಡೋ ಬೂಟ್‌ಸ್ಟ್ರಾಪ್ 1000 ಸಲ ಓಡಿಸ್ದೆ. ಒಂದೇ ಮೈಟೊಕಾಂಡ್ರಿಯಾ ಜೀನ್ ಇಟ್ಕೊಂಡು ಇವು ಎಷ್ಟು ವರ್ಷದ ಹಿಂದೆ ಬೇರೆಯಾದ್ವು ಅಂತೆಲ್ಲ ಲೆಕ್ಕ ಹಾಕೋಕೆ ಹೋಗ್ಬಾರ್ದು, ಯಾರ ಪಕ್ಕ ಯಾರು ಅನ್ನೋದಷ್ಟೇ ನೋಡಿದ್ದು.

ಟಾನಿ ಬೆಲ್ಲೀಡ್ ಆಗುಂಬೆ ಹಕ್ಕಿ ಪಕ್ಕ ಹೋಗಿ ಕೂತಿತ್ತು. ಯೆಲ್ಲೋ ಐಡ್ ಬೇರೆ ಕೊಂಬೆಲೇ ಇತ್ತು, ಅದರ ನೆಂಟರು ಗಿಣಿಯಂಥ ಕೊಕ್ಕಿನ ಪುಟ್ಟ ಹಕ್ಕಿಗಳಾದ ಪ್ಯಾರಟ್‌ಬಿಲ್‌ಗಳು, ಅಂದ್ರೆ ಕುಟುಂಬಾನೇ ಬೇರೆ. 2019ರಲ್ಲಿ ಪ್ರಪಂಚದ ಬ್ಯಾಬ್ಲರ್‌ಗಳ ಡಿಎನ್‌ಎ ಅಧ್ಯಯನ ಬಂದ್ಮೇಲೆ, ರೋಪೋಸಿಕ್ಲಾ ಅನ್ನೋ ಕುಲದಲ್ಲಿ (ಜೀನಸ್) ಒಂಟಿಯಾಗಿದ್ದ ಡಾರ್ಕ್ ಫ್ರಂಟೆಡ್‌ನ ಟಾನಿ ಬೆಲ್ಲೀಡ್ ಇರೋ ಡುಮೇಷಿಯಾಗೇ ಸೇರಿಸಿದಾರೆ. ಆ ಸಂಜೆ ನಂಗಾದ ಖುಷಿ ಹೇಳತೀರದು.

ಈಗ ರಾಮನಗರಕ್ಕೆ ಹೋದ್ರೆ ಆ ಎರಡನ್ನ ಜೊತೆಗಿಟ್ಟು ನೋಡೋದೇ ಬಿಟ್ಟಿದೀನಿ. ಟಾನಿ ಬೆಲ್ಲೀಡ್‌ನ ಕೂಗು ರೆಕಾರ್ಡ್ ಮಾಡ್ಕೊಂಡು ಬಂದು ಆಗುಂಬೆ ರೆಕಾರ್ಡಿಂಗ್ ಪಕ್ಕ ಇಟ್ಟು ಕೇಳ್ತೀನಿ.