ಉಳ್ಳಾಗಡ್ಡಿ ಪೊರೆ, ಲೇಸರ್ ಲೆನ್ಸು, ನನ್ನ ಮೊಬೈಲು

"ಇದು ಜಾತ್ರಿ ಆಟಗಿ ರೀ ಸರ್, ಇದರಾಗ ಜೀವಕೋಶ ಎಲ್ಲಿ ಕಾಣತಾವ?" ಎಂದಿದ್ದರು ನಮ್ಮ ಗಣಿತದ ಮಾಸ್ತರು, ಲೇಸರ್ ಲೈಟಿನ ಲೆನ್ಸು ಅಂಟಿಸಿ ಸೂಕ್ಷ್ಮದರ್ಶಕ ಮಾಡಿಕೊಂಡ ನನ್ನ ಮೊಬೈಲು ನೋಡಿ. ಹೋದ ವಾರ ಅವರೇ ಮಗನನ್ನು ಕರೆತಂದು ತೋರಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡದ ಹತ್ತಿರ ನಮ್ಮದು ಹಳ್ಳಿ ಶಾಲೆ. ಸೂಕ್ಷ್ಮದರ್ಶಕ ಒಂದೇ, ಎಂಟನೇ ತರಗತಿಯಲ್ಲಿ ಮಕ್ಕಳು ಸುಮಾರು 45. ಸಾಲಾಗಿ ಬಂದು ಇಣುಕಿ "ಕಂಡ್ತ್ರಿ ಸರ್" ಅನ್ನುತ್ತಾರೆ. ಚಿತ್ರ ಬರೆಸಿದರೆ ಅರ್ಧ ಮಕ್ಕಳು ಬರೆದದ್ದು ಕಪ್ಪು ಅಂಚಿನ ಗಾಳಿಗುಳ್ಳೆ! ಎಲ್ಲರಿಗೂ ಒಟ್ಟಿಗೆ ತೋರಿಸಿ, ಬೆರಳಿಟ್ಟು ಹೇಳಬೇಕಿತ್ತು.

ಮೊದಲು ಗಾಜಿನ ಕಡ್ಡಿ ಕಾಯಿಸಿ ಲೆನ್ಸಿನ ಬದಲು ಮಣಿ ಮಾಡಿದೆ. ಡಚ್ ವ್ಯಾಪಾರಿ ಲೀವೆನ್‌ಹುಕ್ 1670ರ ದಶಕದಲ್ಲೇ ಒಂಟಿ ಲೆನ್ಸಿನಲ್ಲಿ ಬ್ಯಾಕ್ಟೀರಿಯಾ ನೋಡಿದ್ದ, ಅಲ್ವಾ? ಹತ್ತು ಹನ್ನೆರಡು ಮಣಿಯಲ್ಲಿ ಎರಡೇ ಸರಿಬಂದವು, ಉಳಿದವುಗಳೊಳಗೆ ಗುಳ್ಳೆ. ಬೆರಳೂ ಸುಟ್ಟಿತು. ಫೋಕಸ್ ಸಿಗುವಷ್ಟರಲ್ಲಿ ಮಣಿ ಸ್ಲೈಡಿಗೇ ತಾಗುತ್ತದೆ. ಬಿಟ್ಟೆ.

ಆಮೇಲೆ ಹುಬ್ಬಳ್ಳಿ ದುರ್ಗದ ಬೈಲಿನಿಂದ ಮೂರು ಲೇಸರ್ ಲೈಟ್ ತಂದೆ, ಒಂದಕ್ಕೆ 50 ರೂಪಾಯಿ ಆಸುಪಾಸು. ಎರಡರ ಲೆನ್ಸು ಬಿಚ್ಚುವಾಗಲೇ ಗೀರು ಬಿತ್ತು, ನೂರು ರೂಪಾಯಿ ನೀರುಪಾಲು. ಮೂರನೆಯದನ್ನು ಮೊಬೈಲ್ ಕ್ಯಾಮೆರಾಗೆ ಅಂಟಿಸಿದರೆ ಬರೀ ಮಸುಕು. ಎರಡು ದಿನ ಒದ್ದಾಡಿ ಲೆನ್ಸು ತಿರುವಿ ಹಾಕಿದೆ, ಸರಿಹೋಯಿತು. ಅದು ಅಲುಗಾಡದಂತೆ ಕೂರಿಸುವ ಉಪಾಯ ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ.

ಕೋಶಕ್ಕೆ ಬಣ್ಣ ಹಚ್ಚುವ ಸ್ಯಾಫ್ರನಿನ್ ಮುಗಿದಿತ್ತು. ಅದರ ಬದಲು ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ, ನೀರು ನಾಲ್ಕು ಹನಿ. ಉಳ್ಳಾಗಡ್ಡಿ ಪೊರೆಯನ್ನು ನೀರಿನಲ್ಲೇ ಹರಡಿ, ಮಡಚಿಕೊಂಡರೆ ಕೆಟ್ಟಿತು. ಮೊಬೈಲಿನ ಚಿತ್ರ ಸ್ಮಾರ್ಟ್ ಟಿವಿಗೆ ಬಂತು. ಉದ್ದುದ್ದ ಕೋಶಗಳು, ಒಂದೊಂದರ ಅಂಚಿಗೆ ಒತ್ತಿಕೊಂಡ ಕಂದು ಚುಕ್ಕೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು: "ಸರ್, ಕೋಶಕೇಂದ್ರ ಯಾಕ ಮೂಲಿಗೆ ಸರದೈತ್ರಿ?" ನಡುವೆಲ್ಲ ರಸದಾನಿ, ಅಂದರೆ ಕೋಶದೊಳಗಿನ ರಸದ ಚೀಲ, ತುಂಬಿಕೊಂಡಿದೆ, ಅದಕ್ಕೆ. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು.

ಸುಮ್ನೆ ಇನ್ನೊಂದು ಮಾಡಿದೆವು. ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಟೇಪಿನಲ್ಲಿ ಎಬ್ಬಿಸಿದೆವು. ಜೋಳದಲ್ಲಿ ಪತ್ರರಂಧ್ರಗಳು (ಎಲೆಯ ಮೇಲಿನ ಸಣ್ಣ ತೂತುಗಳು) ಸಾಲು ಸಾಲು, ಅಲಸಂದಿಯಲ್ಲಿ ಚೆಲ್ಲಾಪಿಲ್ಲಿ. ಮಕ್ಕಳೇ ಗೋದಿ, ಕಬ್ಬನ್ನು ಜೋಳದ ಜೊತೆಗಿಟ್ಟರು. ಹತ್ತಿ, ಕಡಲೆಯನ್ನು ಬೇರೆ ಇಟ್ಟರು. ಏಕದಳ, ದ್ವಿದಳ ಅನ್ನೋ ಮಾತು ನಾನು ಆಮೇಲೆ ಹೇಳಿದೆ.

ಒಟ್ಟು ಖರ್ಚು, ಕೆಟ್ಟದ್ದೂ ಸೇರಿ, 350 ರೂಪಾಯಿ ದಾಟಿಲ್ಲ. ಕೆಲಗೇರಿ ಕೆರೆ ನೀರಿನ ಜೀವಿಗಳು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ, ಫೋಕಸ್ ಮಾಡುವಷ್ಟರಲ್ಲಿ ಓಡಿಹೋಗುತ್ತವೆ. ಹನಿಯಲ್ಲಿ ಹತ್ತಿಯ ಎಳೆ ಬಿಡಿಸಿ ಹಾಕಿದರೆ ನಿಧಾನವಾಗುತ್ತವೆ. ಈ ಶನಿವಾರ ಅದೇ ಕೆಲಸ.