ದೀಪದ ಬಳಿ ಚಾವಣಿ ಸೋರಿದಾಗ ಒಂದು ಹತ್ತಿಯ ದಾರ

ಚಾವಣಿಯ ದೀಪ ಅಥವಾ ಫ್ಯಾನಿನ ಸಮೀಪ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ, ಬಳಿಕ ನೆನೆಸಿದ ಹತ್ತಿಯ ದಾರದ ಒಂದು ತುದಿಯನ್ನು ಹನಿ ಮೂಡುವ ಜಾಗಕ್ಕೆ ತಾಗುವಂತೆ ಪಕ್ಕದ ಒಣ ಭಾಗದಲ್ಲಿ ಟೇಪಿನಿಂದ ಅಂಟಿಸಿ, ಇನ್ನೊಂದು ತುದಿಯನ್ನು ದೀಪದಿಂದ ದೂರವಿಟ್ಟ ಬಕೆಟ್ಟಿನೊಳಗೆ ಇಳಿಬಿಡಿ. ಒದ್ದೆ ನೂಲಿಗೆ ನೀರು ಅಂಟಿಕೊಂಡೇ ಹರಿಯುವುದರಿಂದ ಹನಿಗಳು ಸಿಡಿಯದೆ, ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ಜಾರಿ ಬಕೆಟ್ಟು ಸೇರುತ್ತವೆ. ಗೋಡೆಯ ಸ್ವಿಚ್ ಮಾತ್ರ ಆರಿಸಿದರೆ ಸಾಲದು. ಆ ಸ್ವಿಚ್ಚಿನವರೆಗೆ ಬರುವ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ನೀರು ತಂತಿಯ ಪೈಪಿನೊಳಗೇ ಇಳಿದು ಸ್ವಿಚ್ ಬೋರ್ಡ್ ತಲುಪುವುದೂ ಉಂಟು. ನೀರು ಧಾರೆಯಾಗಿ ಸುರಿಯುತ್ತಿದ್ದರೆ ಅಥವಾ ದಾರದ ಇಳಿಜಾರು ತೀರಾ ಕಡಿಮೆಯಿದ್ದರೆ ಈ ಉಪಾಯ ನಡೆಯದು. ದೀಪದ ಹೋಲ್ಡರಿನಿಂದಲೇ ನೀರು ಇಳಿಯುತ್ತಿದ್ದರೆ ದಾರ ಕಟ್ಟಲು ಹೋಗದೆ, ಮೇನ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೇನ್ ಬೋರ್ಡೇ ಒದ್ದೆಯಾಗಿದ್ದರೆ ಅಥವಾ ಅದರ ಕೆಳಗೆ ನೀರು ನಿಂತಿದ್ದರೆ ದಯವಿಟ್ಟು ಅದರ ಹತ್ತಿರವೂ ಹೋಗಬೇಡಿ, ವಿದ್ಯುತ್ ಕಚೇರಿಗೆ ಕರೆ ಮಾಡಿ ಹೊರಗಿನಿಂದಲೇ ಸಂಪರ್ಕ ತಪ್ಪಿಸಲು ಹೇಳಿ. 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಬ್ರೇಕರ್ ತಾನಾಗಿ ಬಿದ್ದಿದ್ದರೆ ಅದನ್ನು ಮತ್ತೆ ಮತ್ತೆ ಎತ್ತಬಾರದು. ನೀರಿನ ಸೋರಿಕೆ ನಿಂತು ಚಾವಣಿ ಒಣಗಿದಂತೆ ಕಂಡರೂ ಪೈಪಿನೊಳಗೆ ತೇವ ಉಳಿದಿರಬಹುದಾದ್ದರಿಂದ, ತಂತಿಗಳನ್ನು ಪರೀಕ್ಷಿಸಿದ ಮೇಲೆಯೇ ಆ ದೀಪವನ್ನು ಹಾಕಿ.