ಬರ್ಫ್ ನೋಡಿ ಗ್ಯಾಸಿನ ಸ್ಥಿತಿ ಹೇಳೋದು ಬಿಟ್ಟೆ

“ಪೈಪ್ ಮ್ಯಾಲೆ ಬರ್ಫ್ ಕಟ್ಟಿತಂದ್ರ ಲಿಕ್ವಿಡ್ ವಾಪಸ್ ಹೊಂಟೈತಿ ನೋಡ್ರಿ.” ಹುಬ್ಬಳ್ಳಿಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇದೇ ಮಾತು. ಕಂಪ್ರೆಸರ್‌ಗೆ ಆವಿ ಮಾತ್ರ ಹೋಗಬೇಕು, ಲಿಕ್ವಿಡ್ ಹೋದರೆ ಅದು ಕೆಡುತ್ತೆ ಅನ್ನೋ ಭಯ. ಅಮರಗೋಳ ಎಪಿಎಂಸಿ ಕಡೆಯ ಒಂದು ತರಕಾರಿ ಕೋಲ್ಡ್ ರೂಮಿನಲ್ಲಿ ಆರ್-134ಎ ಗ್ಯಾಸ್, ಸಕ್ಷನ್ (ಕಂಪ್ರೆಸರ್ ಗ್ಯಾಸ್ ಎಳೆಯೋ ಕಡೆಯ) ಗೇಜ್ 18 ಪಿಎಸ್‌ಐ, ಪೈಪ್ ಪೂರ್ತಿ ಬೆಳ್ಳಗೆ. ಪೈಪಿಗೆ ಟೆಂಪರೇಚರ್ ಪ್ರೋಬ್ ಕಟ್ಟಿದರೆ ಮೈನಸ್ 1 ಡಿಗ್ರಿ. ಆ ಒತ್ತಡಕ್ಕೆ ಗ್ಯಾಸ್ ಕುದಿಯೋದು ಮೈನಸ್ 8ಕ್ಕೆ. ಅಂದರೆ ಕುದಿಯೋ ಬಿಂದುವಿಗಿಂತ 7 ಡಿಗ್ರಿ ಹೆಚ್ಚು ಬಿಸಿ, ಅದೇ ಸೂಪರ್‌ಹೀಟ್, ಕಂಪ್ರೆಸರ್‌ಗೆ ಏನೂ ಭಯವಿಲ್ಲ. ಸೊನ್ನೆಗಿಂತ ತಣ್ಣಗಿರೋ ಪೈಪಿನ ಮೇಲೆ ಬರ್ಫ್ ಬಂದೇ ಬರುತ್ತೆ. ಉಲ್ಟಾ ಕೇಸೂ ಇದೆ: ಆರ್-22 ಎಸಿ, ಗೇಜ್ 70, ಪೈಪ್ ಬರೀ ಬೆವರಿದೆ, ಬರ್ಫ್ ಇಲ್ಲ, ಅಳೆದರೆ ನಾಲ್ಕೂವರೆ. ಅದು ಸ್ಯಾಚುರೇಟೆಡ್, ಅಂದರೆ ಕುದಿಯೋ ಬಿಂದುವಿನಲ್ಲೇ ಇದೆ, ಲಿಕ್ವಿಡ್ ಇನ್ನೂ ಉಳಿದಿರಬಹುದು. ಅದನ್ನು “ಚಲೋ ಕೂಲಿಂಗ್” ಅಂತ ಬಿಟ್ಟಿದ್ದಕ್ಕೆ ಒಂದು ಕಂಪ್ರೆಸರ್ ವಾಲ್ವ್ ಮುರಿದು ಸುಮಾರು 14 ಸಾವಿರ ಕೈಯಿಂದ ಹೋಯ್ತು.

18ಕ್ಕೆ ಒತ್ತಡ-ಟೆಂಪರೇಚರ್ ಚಾರ್ಟ್ ಮೈನಸ್ 7 ಅನ್ನುತ್ತಲ್ಲ ಅಂತ ಕೇಳಬಹುದು. ಅದು ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರ, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಗೇಜ್ ರೀಡಿಂಗಿನಲ್ಲಿ ಒಂದು ಪಿಎಸ್‌ಐ ಕಳೆದೇ ಚಾರ್ಟ್ ನೋಡಬೇಕು.

ಇನ್ನೊಂದು ಕಡೆ ಹಣ ದಂಡವಾಗಿದ್ದು ಮುಟ್ಟದೇ ಟೆಂಪರೇಚರ್ ಅಳೆಯೋ ಐಆರ್ ಗನ್ನಿಗೆ, ಹದಿನೆಂಟು ನೂರೋ ಏನೋ. ಹೊಳೆಯೋ ತಾಮ್ರದ ಮೇಲೆ ಅದು ಪೈಪಿನದ್ದಲ್ಲ, ಅಕ್ಕಪಕ್ಕದ ಗೋಡೆಯ ಬಿಸಿ ತೋರಿಸುತ್ತೆ. ಇಲ್ಲದ ಸೂಪರ್‌ಹೀಟ್ ಕಾಣುತ್ತೆ. ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಹೊಡೆದರೆ ಪರವಾಗಿಲ್ಲ, ಆದರೂ ಪೈಪಿಗೆ ಕಟ್ಟೋ ತಂತಿಯ ಕೆ-ಟೈಪ್ ಪ್ರೋಬೇ ಸೈ. ಪೈಪನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಗಡಿಯಾರದ ಹತ್ತು ಗಂಟೆ ಜಾಗದಲ್ಲಿ ಪ್ರೋಬ್ ಕಟ್ಟಬೇಕು. ತಳದಲ್ಲಿ ಕಟ್ಟಿದರೆ ಎಣ್ಣೆ ಹರಿಯುತ್ತಿರುತ್ತೆ, ರೀಡಿಂಗ್ ಕೆಡುತ್ತೆ. ಮೇಲೆ ಫೋಮ್ ಸುತ್ತಿ ಐದು ನಿಮಿಷ ಬಿಡಿ. ಅದಕ್ಕೂ ಮೊದಲು ಪುಡಿ ಐಸ್ ನೀರಲ್ಲಿ ಅದ್ದಿ ಸೊನ್ನೆ ಬರುತ್ತಾ ನೋಡಿ. ನನ್ನದು ಒಂದೂವರೆ ಹೆಚ್ಚು ತೋರಿಸುತ್ತಿತ್ತು.

ಕಾಯಿಲ್ (ರೂಮು ತಣ್ಣಗೆ ಮಾಡೋಕೆ ಗ್ಯಾಸ್ ಕುದಿಯೋ ಜಾಗ) ಹತ್ತಿರ ಟೆಂಪರೇಚರ್, ಕಂಪ್ರೆಸರ್ ಹತ್ತಿರ ಗೇಜ್, ಹೀಗೆ ಮಾಡಿದರೆ ಲೆಕ್ಕ ತಪ್ಪುತ್ತೆ. ಈ ಆರ್-134ಎ ಕೋಲ್ಡ್ ರೂಮಿನ ಲೈನಿನಲ್ಲಿ ಒತ್ತಡ ಮೂರು ಪಿಎಸ್‌ಐ ಬಿದ್ದರೆ ಸೂಪರ್‌ಹೀಟ್ ಎರಡು ಡಿಗ್ರಿಗಿಂತ ಜಾಸ್ತಿ ಸುಳ್ಳು ಹೇಳುತ್ತೆ. ಕಾಯಿಲ್ ಔಟ್‌ಲೆಟ್ಟಿಗೇ ಗೇಜ್ ಹಾಕೋಕೆ ಒಂದು ಪಿನ್ ವಾಲ್ವ್ ಬೆಸುಗೆ ಹಾಕಿಸಿಕೊಂಡರೆ ಜಗಳವೇ ಇಲ್ಲ.

ರೀಡಿಂಗ್ ಒಂದೆರಡು ಡಿಗ್ರಿಯ ಅನುಮಾನದಲ್ಲಿ ನಿಂತರೆ ಬಟ್ಟೆ ಪರೀಕ್ಷೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಪ್ರೋಬಿಗಿಂತ ಮೊದಲು, ಕಾಯಿಲ್ ಕಡೆಗೆ, ಪೈಪಿಗೆ ಸುತ್ತಿ. ಟೆಂಪರೇಚರ್ ತಕ್ಷಣ ಏರಿದರೆ ಸೂಪರ್‌ಹೀಟೆಡ್. ಅಲುಗಾಡದಿದ್ದರೆ ಒಳಗಿನ ಲಿಕ್ವಿಡ್ ಆ ಬಿಸಿಯನ್ನು ಕುದಿಯೋಕೆ ತಿನ್ನುತ್ತಿದೆ. “ಅರಿವಿ ಸುತ್ತಿ ಗ್ಯಾಸ್ ನೋಡ್ತಾನ” ಅಂತ ನಕ್ಕವರೇ ಈಗ ಬಟ್ಟೆ ಇಟ್ಟುಕೊಂಡಿದ್ದಾರೆ. ಎಷ್ಟು ಗೇಣು ದೂರ ಸುತ್ತಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಕಾಯಿಲಿಗೆ ಲಿಕ್ವಿಡ್ ಬಿಡೋ ಎಕ್ಸ್‌ಪಾನ್ಷನ್ ವಾಲ್ವ್ ತಿರುಗಿಸೋದಾದರೆ ಕಾಲು ಸುತ್ತು, ಆಮೇಲೆ ಇಪ್ಪತ್ತು ನಿಮಿಷ ಕೈ ಕಟ್ಟಿ ಕೂಡಬೇಕು.

ಇದೇ ಲೆಕ್ಕ ಸಿಲಿಂಡರಿಗೂ ನಡೆಯುತ್ತೆ. ಆರ್-134ಎ ಸಿಲಿಂಡರನ್ನು ರಾತ್ರಿಯಿಡೀ ಒಳಗಿಟ್ಟು, ರೂಮು 30 ಡಿಗ್ರಿ ಇದ್ದಾಗ ಗೇಜ್ ಹಾಕಿ. 98ರ ಆಸುಪಾಸು ಬಂದರೆ ಒಳಗೆ ಲಿಕ್ವಿಡ್ ಇದೆ. 60 ಬಂದರೆ ಲಿಕ್ವಿಡ್ ಮುಗಿದು ಬರೀ ಆವಿ ಉಳಿದಿದೆ. ಒಮ್ಮೆ 120 ಬಂತು. ಸೀಲ್ ಗಟ್ಟಿಯಿದ್ದರೂ ಒಳಗಿದ್ದದ್ದು ಬೆರಕೆ ಮಾಲು. ಅಂಗಡಿಯವರು ವಾಪಸ್ ತೆಗೆದುಕೊಂಡರು, ಆದರೆ ಆಟೋ ಬಾಡಿಗೆ ಕೊಡಲಿಲ್ಲ.